ಹದಿನಾಲ್ಕು ಬಗೆ

ಅಚ್ಚಾಗಿ ಬಂದ ವರದಿಯ ಕೊನೆಯ ಪುಟದಲ್ಲಿ ತನ್ನ ಹೆಸರು ಕಂಡು ಹುಳದಮ್ಮನಿಗೆ ಮೊದಲು ಖುಷಿಯೇ ಆಯಿತು. ಆಫೀಸಿನಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎರಡು ವರ್ಷದಿಂದ ಬಲೆ, ಭೂತಗನ್ನಡಿ, ನೋಟ್‌ಬುಕ್ ಹಿಡಿದು, ರಬ್ಬರ್ ಬೂಟು ಹಾಕಿಕೊಂಡು ಹೊಳೆಯುದ್ದಕ್ಕೂ ಏರೋಪ್ಲೇನ್ ಚಿಟ್ಟೆ ಎಣಿಸುತ್ತಿದ್ದವಳಿಗೆ ಅಲ್ಲಿಯವರು ಇಟ್ಟ ಹೆಸರು ಹುಳದಮ್ಮ. ಅವಳೂ ಬೇಸರವಿಲ್ಲದೆ ಅದಕ್ಕೇ ಓಗೊಡುತ್ತಿದ್ದಳು.

ಮಾರುಕಟ್ಟೆಯ ಹಿಂದಿನ ದಡಕ್ಕೆ ಹೋದ ವರ್ಷ ಕಾಂಕ್ರೀಟ್ ಗೋಡೆ ಕಟ್ಟಿದ್ದರು. ಈಗ ಅದೇ ಗೋಡೆಯನ್ನು ಮೇಲಕ್ಕೆ, ಮರಗಳು ನೀರಿಗೆ ಬಾಗಿದ ದಡದವರೆಗೂ ಎಳೆಯುವ ಯೋಜನೆ. ಅದರಿಂದ ಹೊಳೆಯ ಜೀವಿಗಳಿಗೆ ತೊಂದರೆಯೇ ಎಂದು ತಿಳಿಸಬೇಕಾದದ್ದು ಅವಳ ಆಫೀಸು. ಆಫೀಸೆಂದರೆ ಟೈರ್ ಅಂಗಡಿಯ ಮೇಲಿನ ಮೂರು ಕೋಣೆ. ಅದರ ಯಜಮಾನ ಅವಳ ಸ್ವಂತ ಅಕ್ಕನ ಗಂಡ.

ಪುಟಗಳನ್ನು ಹಿಂದಕ್ಕೆ ತಿರುವುತ್ತ ಬಂದವಳು ಒಂದು ಕಡೆ ನಿಂತಳು. "ಗೋಡೆ ಕಟ್ಟಿದ ಮೇಲೆ ಏರೋಪ್ಲೇನ್ ಚಿಟ್ಟೆಗಳ ಸಂಖ್ಯೆ ಶೇಕಡಾ ನಲವತ್ತರಷ್ಟು ಏರಿದೆ. ಆದ್ದರಿಂದ ಕಾಮಗಾರಿಯಿಂದ ಹಾನಿಯಿಲ್ಲ." ಅಷ್ಟೇ. ಅವಳು ಬಗೆಬಗೆಯಾಗಿ ಬರೆದುಕೊಟ್ಟಿದ್ದ ನಾಲ್ಕು ಪುಟದ ಪಟ್ಟಿ ಎಲ್ಲಿಯೂ ಇರಲಿಲ್ಲ.

ಕಿವಿ ಬಿಸಿಯಾಯಿತು. ಸಂಖ್ಯೆ ಅವಳದೇ. ಗೋಡೆಯ ಬುಡದಲ್ಲಿ ನೀರು ನಿಂತು, ಬಿಸಿಲಿಗೆ ಕಾದು, ಎಲ್ಲಿ ಬಿಟ್ಟರೂ ಬದುಕುವ ಒಂದೆರಡು ಕೆಂಪು, ಹಳದಿ ಜಾತಿ ವಿಪರೀತ ಹೆಚ್ಚಿಕೊಂಡಿದ್ದವು. ಆದರೆ ನೆರಳು ಬೇಕೆನ್ನುವ, ನೀರಿಗಿಳಿದ ಬೇರಿನಲ್ಲೇ ಮೊಟ್ಟೆಯಿಡುವ, ರೆಕ್ಕೆ ಮಡಚಿ ಕೂರುವ ಸಣಕಲು ಸೂಜಿ ಚಿಟ್ಟೆಗಳು ಒಂದೂ ಉಳಿದಿರಲಿಲ್ಲ. ಮೊದಲು ಹತ್ತೊಂಬತ್ತು ಬಗೆ ಇದ್ದಲ್ಲಿ ಈಗ ಐದು. ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಇತ್ತು. ಬೇಸಗೆಯಲ್ಲಿ ಒಂದು ದಿನ ಅವಳೇ ಬೂಟಿನ ಕೆಸರೂ ಒರೆಸದೆ ಓಡಿಬಂದು, "ಭಾವ, ಇವತ್ತು ಒಂದೇ ಕಡೆ ಆರುನೂರು ಎಣಿಸಿದೆ!" ಎಂದಿದ್ದಳು. ಆರುನೂರರಲ್ಲಿ ಐನೂರ ಎಂಬತ್ತು ಒಂದೇ ಜಾತಿ ಎನ್ನುವುದನ್ನು ಆಮೇಲೆ ಹೇಳಿದ್ದಳು. ಭಾವ ಮೊದಲನೆಯ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡಿದ್ದ.

ಬಾಗಿಲು ತಟ್ಟದೆ ಒಳಗೆ ಹೋದಳು.

"ಪಟ್ಟಿ ಎಲ್ಲಿ ಭಾವ?"

ಭಾವ ಕನ್ನಡಕ ಹಣೆಗೇರಿಸಿದ. "ಕೂತ್ಕೋ. ಅಷ್ಟುದ್ದ ಪಟ್ಟಿ ಯಾರೂ ಓದಲ್ಲ ಅಂತ ತೆಗೆಸಿದೆ."

"ಓದಿದ್ರೆ ಗೊತ್ತಾಗುತ್ತೆ ಅಂತ ತೆಗೆಸಿದ್ರಿ."

"ನೋಡು, ಬರೆದಿರೋದ್ರಲ್ಲಿ ಒಂದಕ್ಷರ ಸುಳ್ಳು ತೋರಿಸು, ಈಗಲೇ ಹರಿದು ಹಾಕ್ತೀನಿ. ಹೆಚ್ಚಾಗಿವೆ ಅಂತ ನೀನೇ ಹೇಳಿದ್ದೆ ತಾನೇ?"

"ಹತ್ತೊಂಬತ್ತು ಮನೆ ಇರೋ ಬೀದೀಲಿ ಹದಿನಾಲ್ಕು ಮನೆಯವರನ್ನ ಎತ್ತಂಗಡಿ ಮಾಡಿ, ಉಳಿದ ಐದು ಮನೇಲಿ ಮಕ್ಕಳು ಜಾಸ್ತಿಯಾದ್ರು ಅಂತ, ಬೀದಿ ಉದ್ಧಾರ ಆಯ್ತು ಅಂತೀರಾ?"

"ಹುಳಕ್ಕೂ ಮನುಷ್ಯರಿಗೂ ಹೋಲಿಸ್ಬೇಡ."

"ಹಾಗಾದ್ರೆ ಹುಳದ ಹೆಸರು ಹೇಳಿ ಮನುಷ್ಯರಿಗೆ ಟೋಪಿ ಹಾಕ್ಬೇಡಿ."

ಪಕ್ಕದ ಕೋಣೆಯಲ್ಲಿ ಟೈಪು ಮಾಡುವ ಸದ್ದು ನಿಂತಿತು. ಭಾವ ಎದ್ದು ಬಾಗಿಲು ಮುಚ್ಚಿ ದನಿ ತಗ್ಗಿಸಿದ. "ನಾನು ಬೇಡ ಅಂದ್ರೆ ಇನ್ನೊಬ್ಬ ಬರ್ಕೊಡ್ತಾನೆ. ಗೋಡೆ ಹೇಗಿದ್ರೂ ಏಳುತ್ತೆ. ನಿನ್ನ ಕೋಪದಿಂದ ಒಂದು ಇಟ್ಟಿಗೆನೂ ಅಲ್ಲಾಡಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೆ. ಸುಳ್ಳಿಗಿಂತ ಅವನ ಸಮಾಧಾನವೇ ಅವಳನ್ನು ಹೆಚ್ಚು ಸುಟ್ಟಿತು.

ಸಂಜೆ ಅಕ್ಕನ ಫೋನು ಬಂತು. "ಏನೇ ಅದು, ಅವರು ಊಟಾನೂ ಸರಿಯಾಗಿ ಮಾಡ್ಲಿಲ್ಲ. ಮನೆ ಮಾತು ಬೀದಿಗೆ ತರ್ಬೇಡ ಕಣೇ."

"ಇದು ಮನೆ ಮಾತಲ್ಲಕ್ಕ, ಹೊಳೆ ಮಾತು. ಅದು ಇರೋದೇ ಬೀದೀಲಿ."

ನಾಲ್ಕು ದಿನದ ನಂತರ ನಗರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ಕಿರಗುಡುವ ಫ್ಯಾನು, ಮೇಜಿನ ಹಿಂದೆ ಬೆವರೊರೆಸಿಕೊಳ್ಳುತ್ತ ಕೂತ ಅಧಿಕಾರಿ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪರದೆಯ ಮೇಲೆ ಮೇಲೇರುವ ಗೆರೆಯೊಂದನ್ನು ತೋರಿಸಿದ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಅವಳು ಎದ್ದು ನಿಂತಳು.

"ತಾವು ಯಾರಮ್ಮ?" ಅಧಿಕಾರಿ ಕೇಳಿದ.

"ಆ ವರದಿಯ ಕೊನೇ ಪುಟದಲ್ಲಿ ಒಂದು ಹೆಸರಿದೆಯಲ್ಲ, ಅವಳು. ಅದನ್ನ ಹೊಡೆದು ಹಾಕಿ ಸಾರ್. ಎಣಿಸಿದ್ದು ನಾನು, ಅರ್ಧ ಮುಚ್ಚಿಟ್ಟಿದ್ದು ನಾನಲ್ಲ."

ಭಾವನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ಅವಳು ನೋಟ್‌ಬುಕ್ ತೆರೆದು, ಗೋಡೆ ಬಂದ ಮೇಲೆ ಕಾಣೆಯಾದ ಬಗೆಗಳನ್ನು ಒಂದೊಂದಾಗಿ ಓದಿದಳು. ಅವುಗಳಿಗೆ ಅವಳೇ ಇಟ್ಟುಕೊಂಡಿದ್ದ ಹೆಸರುಗಳು: ತಾಮ್ರದ ರೆಕ್ಕೆಯದು, ನೀಲಿ ಬಾಲದ ಸೂಜಿ, ಬೇರಿಗೆ ಜೋತುಬೀಳುವ ಕಪ್ಪನೆಯದು. ಆರನೆಯದಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನ ದಪ್ಪ ಮೀಸೆಯ ಕಂಟ್ರಾಕ್ಟರು ಕೂತಲ್ಲಿಂದಲೇ ಕೂಗಿದ. "ಹುಳ ಹೋದ್ರೆ ಒಳ್ಳೇದೇ ಆಯ್ತಲ್ಲಮ್ಮ! ಸೊಳ್ಳೆನೂ ಹೋಗ್ಲಿ ಅಂತ ಹರಸಿ!"

ಸಭೆ ಗೊಳ್ಳೆಂದು ನಕ್ಕಿತು.

"ಸೊಳ್ಳೆ ತಿನ್ನೋವೇ ಇವು ಸ್ವಾಮಿ," ಎಂದಳು. "ನೀರಲ್ಲಿ ಮರಿಯಾಗಿದ್ದಾಗ್ಲೂ ತಿಂತಾವೆ, ರೆಕ್ಕೆ ಬಂದ್ಮೇಲೂ ತಿಂತಾವೆ. ನಿಮಗಿಂತ ನಿಯತ್ತಾಗಿ ಊರಿನ ಕೆಲಸ ಮಾಡ್ತಾವೆ. ಈಗ ನಗಿ."

ನಗು ಈ ಸಲ ಇನ್ನೊಂದು ಕಡೆಯಿಂದ ಬಂತು. ಅವಳು ನಗಲಿಲ್ಲ. ಹದಿನಾಲ್ಕನೆಯದನ್ನು ಓದಿ ಮುಗಿಸುವವರೆಗೆ ಕೂರಲೂ ಇಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. "ಪಟ್ಟಿಯನ್ನೂ ವರದಿಗೆ ಲಗತ್ತಿಸಿ," ಎನ್ನುತ್ತ ಬರೆದುಕೊಂಡ. ಇನ್ನೇನು ಗೆದ್ದೇಬಿಟ್ಟೆ ಎಂದು ಅವಳ ಎದೆ ಉಬ್ಬಿತು.

ಮೂರು ವಾರಕ್ಕೆ ಆದೇಶ ಬಂತು. ಪಟ್ಟಿ ಲಗತ್ತಾಗಿತ್ತು, ಹದಿನಾಲ್ಕೂ ಬಗೆ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಅದರ ಮುಂದಿನ ಪುಟದಲ್ಲೇ ಗೋಡೆಗೆ ಒಪ್ಪಿಗೆಯೂ ಇತ್ತು. ತೀರ ಮೇಲಿನ ಮುನ್ನೂರು ಮೀಟರ್ ದಡವನ್ನು ಮಾತ್ರ 'ಮರುಪರಿಶೀಲನೆಯವರೆಗೆ' ಕೈಬಿಟ್ಟಿದ್ದರು. ಸಮೀಕ್ಷೆ ನಡೆಸಿದವರ ಜಾಗದಲ್ಲಿ ಅವಳ ಹೆಸರು ಹೋಗಿ ಭಾವನ ಹೆಸರು ಬಂದಿತ್ತು. ಏರೋಪ್ಲೇನ್ ಚಿಟ್ಟೆ ಯಾವುದು, ಸೂಜಿ ಚಿಟ್ಟೆ ಯಾವುದು ಎಂದು ಕೇಳಿದರೆ ಬೆಬ್ಬೆಬ್ಬೆ ಎನ್ನುವ ಆಸಾಮಿ!

ಅವಳು ಅದೇ ದಿನ ಕೆಲಸ ಬಿಟ್ಟಳು. ರಬ್ಬರ್ ಬೂಟು ಆಫೀಸಿನದೆಂದು ಗುಮಾಸ್ತ ನೆನಪಿಸಿದಾಗ ಅದನ್ನು ಭಾವನ ಮೇಜಿನ ಮೇಲೆ, ಕಾಗದಗಳ ನಡುವೆ, ಕೆಸರಿನ ಸಮೇತ ಇಟ್ಟು ಬಂದಳು.

ಆ ವಾರ ಮಾರುಕಟ್ಟೆಯ ಗೋಡೆಯಿಂದ ಮೇಲಿನ ದಡಕ್ಕೆ ಯಂತ್ರ ಇಳಿಯಿತು. ಹಳೆ ಚಪ್ಪಲಿಯಲ್ಲೇ ಹೋಗಿ ನಿಂತು ನೋಡಿದಳು. ಉಕ್ಕಿನ ಬಕೆಟ್ಟು ಒಂದು ಎಳೆತಕ್ಕೆ ಬೇರಿನ ಇಡೀ ಜಡೆಯನ್ನು ಕಿತ್ತು ಲಾರಿಗೆ ಸುರಿಯಿತು. ಬೇರಿನ ಎಳೆಗಳ ನಡುವೆ, ಅಕ್ಕಿಕಾಳಿನಷ್ಟೇ ಉದ್ದದ, ಇನ್ನೂ ರೆಕ್ಕೆ ಮೂಡದ ಮರಿಗಳು ಬಿಸಿಲಿಗೆ ಹೊರಳಾಡುತ್ತಿದ್ದವು. ಲಾರಿಯ ಬಳಿಗೆ ಓಡಿ ಬೊಗಸೆಯಲ್ಲಿ ಹಿಡಿದಷ್ಟನ್ನು ಹಿಡಿದು, ಕೈಬಿಟ್ಟಿದ್ದ ಮುನ್ನೂರು ಮೀಟರಿನ ನೆರಳಿಗೆ ಒಯ್ದು ಬಿಟ್ಟಳು. ಆರು ಸಲ ಓಡಾಡಿದಳು. ಏಳನೆಯ ಸಲ ಬರುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಖಾಲಿ ರಸ್ತೆಗೆ ಅವಳು ಬಾಯಿಗೆ ಬಂದ ಹಾಗೆ ಬೈದಳು. ಯಂತ್ರದವನು ತನಗೇ ಬೈದಳೆಂದು ತಿಳಿದು ತಲೆ ತಗ್ಗಿಸಿದ.

ಶನಿವಾರ ಅಕ್ಕ ಫೋನು ಮಾಡಿದಳು. "ನಾಳೆ ಊಟಕ್ಕೆ ಬಾರೇ. ಅವರೇನೂ ಅನ್ನಲ್ಲ."

"ಅವರೇನೂ ಅನ್ನಲ್ಲ, ಸರಿ. ನಾನು ಅಂತೀನಲ್ಲ."

"ಅನ್ನು. ಊಟ ಆದ್ಮೇಲೆ ಅನ್ನು."

ಅವಳು ಹೋದಳು. ಊಟಕ್ಕೆ ಮೊದಲೇ ಅಂದಳು.