ಜೊತೆಯಲ್ಲಿ ಬಂದವರು

ಮೇಲಿನ ದವಡೆಯಲ್ಲಿ ಉಳಿದಿದ್ದ ಕೊನೆಯ ಐದು ಹಲ್ಲುಗಳನ್ನು ಡಾಕ್ಟರಮ್ಮ ಕಿತ್ತು ಮೂರು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಸಿಕ್ಕಸಿಕ್ಕವರೆಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ತಾವೇ ಕಟ್ಟಿದವರ ಹಾಗೆ ನನಗೆ ಹೇಳಿ ನಗುತ್ತಿದ್ದರು. ಸಿಕ್ಕಸಿಕ್ಕವರು ಎಂದರೆ ಹಾಲಿನವನು, ಮೆಟ್ಟಿಲು ಗುಡಿಸುವವಳು, ಔಷಧಿ ಅಂಗಡಿಯವನು. ನನಗೆ ಸಿಗುವವರೇ ಅಷ್ಟು ಜನ.

ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಯಾವ ಯಾವ ದಾರಿಗಳಿವೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದ್ದರು. ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವುದು ಒಂದು. ನನ್ನ ಮೂಳೆ ಅದಕ್ಕೆ ಸಾಲದಷ್ಟು ಸವೆದಿತ್ತು. ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಬ್ರಿಜ್ ಕಟ್ಟುವುದು ಇನ್ನೊಂದು. ಅಕ್ಕಪಕ್ಕದಲ್ಲಿ ಯಾರಾದರೂ ಇದ್ದರೆ ತಾನೇ ಕಟ್ಟುವುದು? ಬಾಯಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ. ಸುತ್ತಿ ಬಳಸಿ ಕೊನೆಗೆ ಹಾಕಿ ತೆಗೆಯುವ ಸೆಟ್ಟಿಗೇ ಬಂದು ನಿಂತೆವು.

ಹಲ್ಲಿನ ಬಣ್ಣ ಆರಿಸಿಯಾದ ಮೇಲೆ ಅವರು ಕೇಳಿದರು, "ಮುಂದಿನ ಎರಡು ಹಲ್ಲಿನ ಮಧ್ಯೆ ನಿಮಗೆ ಸಂದಿ ಇತ್ತಲ್ಲ, ಹಾಗೇ ಬಿಡ್ಲಾ, ಮುಚ್ಲಾ?"

"ಮುಚ್ಚಿಬಿಡಿ ತಾಯಿ. ಜಾಹೀರಾತಿನ ಹುಡುಗೀರ ಥರ ಸಾಲಾಗಿರ್ಲಿ."

ಆ ಸಂದಿ ನನ್ನನ್ನು ಚಿಕ್ಕಂದಿನಿಂದ ಗೋಳು ಹೊಯ್ದುಕೊಂಡಿತ್ತು. ಬಾಗಿಲು ಹಾಕೇ, ಗಾಳಿ ಬರುತ್ತೆ ಎಂದು ತಂಗಿ ಆಡಿಕೊಳ್ಳುತ್ತಿದ್ದಳು. ಅಂದಿನಿಂದ ನಾನು ಬಾಯಿ ಮುಚ್ಚಿಯೇ ನಕ್ಕವಳು.

"ಮುಂದಿನ ಸಲ ಮೇಣದಲ್ಲಿ ಜೋಡಿಸಿ ಬಾಯಲ್ಲಿಟ್ಟು ನೋಡ್ತೀವಿ," ಎಂದರು ಡಾಕ್ಟರಮ್ಮ. "ಆವತ್ತು ನಿಮ್ಮನ್ನ ಚೆನ್ನಾಗಿ ಬಲ್ಲವರು ಯಾರಾದ್ರೂ ಜೊತೇಲಿ ಬರಬೇಕು. ಕನ್ನಡಿ ನೋಡ್ಕೊಂಡ್ರೆ ನಿಮಗೆ ತಿಳಿಯಲ್ಲ. ಹೌದು, ಇವರೇ ಅಂತ ಅವರು ಹೇಳಿ ರುಜು ಹಾಕಿದ ಮೇಲೇ ನಾನು ಲ್ಯಾಬಿಗೆ ಕಳಿಸೋದು. ಮೇಣದಲ್ಲಿರೋವಾಗ ಅಲ್ಲಾಡಿಸಬಹುದು, ಗಟ್ಟಿಯಾದ ಮೇಲೆ ಆಗಲ್ಲ."

ಹಿಂದೆ ಒಬ್ಬರ ಗಂಡ, ಇವಳು ನನ್ನ ಹೆಂಡತಿಯ ಹಾಗಿಲ್ಲ ಎಂದು ಇಡೀ ಸೆಟ್ಟನ್ನು ವಾಪಸು ತಂದಿದ್ದನಂತೆ. ಅಂದಿನಿಂದ ಇದು ಅವರ ಕಟ್ಟುನಿಟ್ಟು. ಚೀಟಿಯಲ್ಲಿ ಅದಕ್ಕೊಂದು ಖಾನೆಯೇ ಇತ್ತು: ಜೊತೆಯಲ್ಲಿ ಬಂದವರು, ಸಂಬಂಧ.

"ತಮ್ಮ ಬರ್ತಾನೆ," ಎಂದುಬಿಟ್ಟೆ. ನನಗೆ ತಮ್ಮನೇ ಇಲ್ಲ.

ಮನೆಗೆ ಬಂದು ಲೆಕ್ಕ ಹಾಕುತ್ತ ಕೂತೆ. ನನ್ನನ್ನು ಬಲ್ಲವರು ಯಾರು? ಮೂವತ್ತೊಂದು ವರ್ಷ ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಸಾರುವುದು ನನ್ನ ಕೆಲಸ. ಜನ ಮೈಕಮ್ಮ ಎನ್ನುತ್ತಿದ್ದರು. ಮಹಡಿಯ ಮೇಲಿನ ಗಾಜಿನ ಕೋಣೆ, ಗಾಜಿಗೆ ಬಿಸಿಲು ತಡೆಯುವ ಕಪ್ಪು ಹಾಳೆ. ಊರಿಗೆಲ್ಲ ನನ್ನ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ನಾನು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಈಗ ಅಲ್ಲಿ ಯಂತ್ರ ಮಾತಾಡುತ್ತದೆ.

ಎರಡು ದಿನದ ಪ್ರಯಾಣದಷ್ಟು ದೂರದಲ್ಲಿರುವ ತಂಗಿಗೆ ಫೋನ್ ಮಾಡಿದೆ. "ನಾನು ನಕ್ಕರೆ ಹೇಗೆ ಕಾಣ್ತಿದ್ದೆ ಹೇಳೇ."

"ನೀನು ನಕ್ಕಿದ್ದು ಯಾವಾಗ ಹೇಳಕ್ಕಾ, ಆಮೇಲೆ ಹೇಗಿತ್ತು ಅಂತ ಹೇಳ್ತೀನಿ," ಎಂದಳು.

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ಪೆಟ್ಟಿಗೆಯಲ್ಲಿದ್ದ ಫೋಟೋಗಳನ್ನೆಲ್ಲ ಹರವಿಕೊಂಡೆ. ಎಲ್ಲದರಲ್ಲೂ ನನ್ನ ಬಾಯಿ ಹೊಲಿದ ಹಾಗಿತ್ತು. ನನ್ನ ನಗು ನೋಡಿದ್ದವಳು ಅಮ್ಮ ಒಬ್ಬಳೇ, ಅವಳು ಹೋಗಿ ಆರು ವರ್ಷ. ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ. ನಾನು ನಾಳೆ ಬೇರೆ ಮುಖ ಹಾಕಿಕೊಂಡು ಓಡಾಡಿದರೂ, ಇದು ನೀನಲ್ಲ ಎನ್ನುವವರು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಡಾಕ್ಟರಮ್ಮ ಹೇಳಿದ್ದ ದಿನ ಒಬ್ಬಳೇ ಹೋದೆ. ಹೊರಗಿನ ಬೆಂಚಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಊದಿದ ಕೆನ್ನೆಗೆ ಟವೆಲ್ ಒತ್ತಿಕೊಂಡು ನರಳುತ್ತಿದ್ದಳು. ನಾನು ಅವಳನ್ನು ಸರಿಯಾಗಿ ನೋಡಲೂ ಇಲ್ಲ, ಒಳಗೆ ಹೇಳಬೇಕಾದ ಸುಳ್ಳನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದೆ.

"ತಮ್ಮ ಎಲ್ಲಿ?" ಎಂದರು ಡಾಕ್ಟರಮ್ಮ.

"ಬಸ್ಸು ತಡ," ಎಂದೆ. ಹಳೇ ಅಭ್ಯಾಸ.

"ಬರ್ಲಿ ಬಿಡಿ. ಅಷ್ಟರಲ್ಲಿ ಮಾತು ಹೇಗೆ ಬರುತ್ತೆ ನೋಡೋಣ." ಮೇಣದ ಹಲ್ಲುಗಳನ್ನು ನನ್ನ ಬಾಯಲ್ಲಿ ಕೂರಿಸಿ ಕನ್ನಡಿ ಕೊಟ್ಟರು. ಸಾಲು ಬಲು ಚೆಂದವಿತ್ತು, ಒಂದು ಎಳೆ ನೂಲು ತೂರುವಷ್ಟೂ ಸಂದಿಯಿಲ್ಲ. "ಏನಾದ್ರೂ ಜೋರಾಗಿ ಹೇಳಿ. ಸಕಾರ ಜಾಸ್ತಿ ಇರ್ಲಿ, ಹಲ್ಲಿನ ಹಣೆಬರಹ ಅಲ್ಲೇ ಗೊತ್ತಾಗೋದು."

ನನಗೆ ಬೇರೇನು ಬರುತ್ತದೆ? ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ಪ್ರಯಾಣಿಕರ ಗಮನಕ್ಕೆ. ಸಂಜೆ ಆರು ಗಂಟೆಯ ಬಸ್ಸು ಏಳನೇ ಅಂಕಣದಿಂದ ಸದ್ಯದಲ್ಲೇ ಹೊರಡಲು ಸಿದ್ಧವಾಗಿದೆ."

"ಅಯ್ಯೋ, ಮೈಕಮ್ಮ!"

ಬಾಗಿಲಲ್ಲಿ ಊದಿದ ಕೆನ್ನೆಯ ಹೆಂಗಸು ನಿಂತಿದ್ದಳು. ಸಹಾಯಕಿ ತಡೆದರೂ ಕೇಳದೆ ಒಳಗೆ ಬಂದಳು. "ನಾನು ಹಣ್ಣಿನವಳು. ನಿಮ್ಮ ಮೈಕಿನ ಕಂಬದ ಬುಡದಲ್ಲೇ ಇಪ್ಪತ್ತೆರಡು ವರ್ಷ ಗಾಡಿ ಹಾಕಿದೀನಿ. ಇನ್ನೊಂದ್ಸಲ ಹೇಳಿ, ನೋಡೋಣ."

ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಊಹೂಂ. ಆ ಸಿಳ್ಳೆ ಎಲ್ಲಿ? ಬಸ್ಸು ಅಂದಾಗ, ಸಂಜೆ ಅಂದಾಗ ಸಣ್ಣಗೆ ಒಂದು ಸಿಳ್ಳೆ ಬರ್ತಿತ್ತಲ್ಲಮ್ಮ. ಇದು ಈಗಿನ ಮಿಷಿನ್ ಮಾತಾಡಿದ ಹಾಗಿದೆ. ಇದು ನೀವಲ್ಲ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಹಣ್ಣಿನವಳಿಗೆ ಹಲ್ಲುನೋವು ಮರೆತೇಹೋಗಿತ್ತು.

"ನಿಮಗೆ ನೆಗಡಿ ಆದ್ರೂ ನನಗೆ ತಿಳಿಯೋದು. ಒಂದ್ಸಲ ಹತ್ತು ಹನ್ನೆರಡು ದಿನ ನೀವು ಬರಲೇ ಇಲ್ಲ. ಬಂದ ದಿನ ದನಿ ಒಡೆದುಹೋಗಿತ್ತು. ಮನೇಲಿ ಯಾರೋ ಹೋಗಿರ್ಬೇಕು, ಪಾಪ, ಅಂದ್ಕೊಂಡೆ. ಮೇಲೆ ಬಂದು ಕೇಳೋಣ ಅಂತ ಎರಡು ಹಣ್ಣು ತಗೊಂಡು ಮೆಟ್ಟಿಲ ತನಕ ಬಂದಿದ್ದೆ. ಕಾವಲುಗಾರ ಬಿಡಲಿಲ್ಲ."

ಅಮ್ಮ ಹೋದಾಗ ಕಚೇರಿಯ ಒಬ್ಬರೂ ನನ್ನ ಕೋಣೆಗೆ ಬಂದಿರಲಿಲ್ಲ. ಕೆಳಗೆ ಮೆಟ್ಟಿಲ ಹತ್ತಿರ ಇವಳು ಹಣ್ಣು ಹಿಡಿದು ನಿಂತಿದ್ದಳು, ನಾನು ಮೇಲೆ ಕಪ್ಪು ಗಾಜಿನ ಹಿಂದೆ ನನಗೆ ಯಾರೂ ಇಲ್ಲವೆಂದು ಅಳುತ್ತ ಬಸ್ಸುಗಳ ಹೊತ್ತು ಹೇಳುತ್ತಿದ್ದೆ. ಆ ಇಪ್ಪತ್ತೆರಡು ವರ್ಷದಲ್ಲಿ ಅವಳ ಗಾಡಿಯಿಂದ ಒಂದು ಹಣ್ಣನ್ನೂ ಕೊಂಡವಳಲ್ಲ ನಾನು.

"ಸಂದಿ ಬಿಡಿ," ಎಂದೆ ಡಾಕ್ಟರಮ್ಮನಿಗೆ.

"ಖಂಡಿತಾನಾ? ಸಾಲು ಚೆನ್ನಾಗಿದೆ, ನೋಡಿ."

"ಚೆನ್ನಾಗಿದೆ. ನನ್ನದಲ್ಲ."

ಅವರು ಚಾಕು ಬಿಸಿ ಮಾಡಿ ಮೇಣ ಮೆತ್ತಗಾಗಿಸಿ ಎರಡು ಹಲ್ಲುಗಳನ್ನು ಕೂದಲೆಳೆಯಷ್ಟು ಸರಿಸಿದರು. ಸಾಲದು ಎಂದಳು ಹಣ್ಣಿನವಳು. ಇನ್ನಷ್ಟು ಸರಿಸಿದರು. ಮೂರನೆಯ ಸಲ ನಾನು ಬಸ್ಸು ಎಂದಾಗ ಸಣ್ಣ ಸಿಳ್ಳೆ ಹೊರಟಿತು. ಹಣ್ಣಿನವಳು ಕೈ ತಟ್ಟಿದಳು. "ಹಾಂ! ಇವರೇ."

"ತಮ್ಮ ಇಲ್ಲ," ಎಂದೆ ಡಾಕ್ಟರಮ್ಮನಿಗೆ. ಅವರು ಚೀಟಿಯನ್ನು ಹಣ್ಣಿನವಳ ಮುಂದಿಟ್ಟು, ಸಂಬಂಧ ಏನೆಂದು ಬರೆಯಲಿ ಎಂದು ಕೇಳಿದರು.

"ಪಕ್ಕದ ಮನೆಯವಳು ಅಂತ ಹಾಕಿ," ಎಂದಳು ಅವಳು, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಳ್ಳುತ್ತ.

ಆಮೇಲೆ ಅವಳ ಸರದಿ. ದವಡೆ ಹಲ್ಲು ಕೀಳಬೇಕಿತ್ತು. ಸೂಜಿ ಕಂಡದ್ದೇ ಅವಳ ಜೋರೆಲ್ಲ ಇಳಿದುಹೋಯಿತು. ಮೇಜಿನ ಮೇಲಿದ್ದ ಅವಳ ಚೀಟಿಯ ಮೇಲೆ ನನ್ನ ಕಣ್ಣು ಬಿತ್ತು. ಜೊತೆಯಲ್ಲಿ ಬಂದವರು ಎಂಬ ಕಡೆ ಏನೂ ಬರೆದಿರಲಿಲ್ಲ.

ನಾನು ಹೊರಗೆ ಬಂದು ಅವಳ ಚೀಲದ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಸಹಾಯಕಿ ಬಂದಳು. "ನಿಮ್ಮ ಕೆಲಸ ಮುಗೀತಲ್ಲಮ್ಮ, ಇನ್ನೂ ಯಾಕೆ ಕೂತಿದೀರ?"

"ನಾನು ಅವರ ಜೊತೇಲಿ ಬಂದವಳು," ಎಂದೆ.