ಗುಟ್ಟಿನ ಗಿರಾಕಿ

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ನಮ್ಮಮ್ಮ ಹೇಳ್ತಾಳೆ. ಹೇಳಲಿ ಬಿಡಿ. ಹದಿಮೂರು ವರ್ಷ ಒಂದೇ ಕಂಪನಿಯ ಕಾಫಿ ಅಂಗಡೀಲಿ ನಿಂತು, ನೆಲ ಒರೆಸೋದರಿಂದ ಶುರು ಮಾಡಿ ಮ್ಯಾನೇಜರ್ ಆದವಳಿಗೆ ಕೋಪ ಬರದೆ ಇನ್ನೇನು ಬರಬೇಕು. ಬೀದಿಯ ಈ ತುದೀಲಿ ನನ್ನ ಅಂಗಡಿ. ಆ ತುದೀಲಿ, ಇನ್ನೂರು ಹೆಜ್ಜೆ ಆಚೆ, ಅದೇ ಕಂಪನಿಯ ಇನ್ನೊಂದು ಅಂಗಡಿ. ಅದೇ ಬೋರ್ಡು, ಅದೇ ಲೋಟ, ಅದೇ ದರಿದ್ರ ಹಾಡು. ಅಲ್ಲಿ ಮ್ಯಾನೇಜರ್ ನನ್ನ ಒಡಹುಟ್ಟಿದ ತಂಗಿ. ಹಾಲು ಎಷ್ಟು ಬಿಸಿಯಾದಾಗ ಇಳಿಸಬೇಕು ಅನ್ನೋದರಿಂದ ಹಿಡಿದು ಎಲ್ಲಾ ಅವಳಿಗೆ ಹೇಳಿಕೊಟ್ಟವಳು ನಾನು.

ಒಂದೇ ಬೀದೀಲಿ ಒಂದೇ ಕಂಪನಿಗೆ ಎರಡು ಅಂಗಡಿ ಯಾಕೆ ಅಂತ ಕೇಳ್ತೀರಿ. ನಾನೂ ಕೇಳಿದ್ದೆ. ನಮ್ಮ ಮೇಲಿನ ಸಾಹೇಬ, ಯಾವಾಗ ನೋಡಿದರೂ ಹಲ್ಲು ಬಿಟ್ಟುಕೊಂಡೇ ಇರ್ತಾನೆ, ಅಂಗಡಿ ಹುಡುಗೀರೆಲ್ಲ ಹಲ್ಲುಕಿರಿಯಪ್ಪ ಅಂತ ಹೆಸರಿಟ್ಟಿದ್ದಾರೆ, ಅವನು ಹೇಳಿದ: 'ಮಧ್ಯದಲ್ಲಿ ಒಂದು ಹಳೇ ಅಂಗಡಿ ಇದೆಯಲ್ಲ, ಅದಕ್ಕೆ ಎರಡೂ ಕಡೆಯಿಂದ ಗಾಳಿ ನಿಲ್ಲಿಸಬೇಕು.' ಇಬ್ಬರಿಗೂ ನಷ್ಟ ಆಗಲ್ವಾ ಅಂದೆ. 'ಆಗಲಿ. ನಮಗೆ ನಲವತ್ತು ದೇಶದಲ್ಲಿ ಅಂಗಡಿ ಇವೆ. ಅವನಿಗೆ ಇರೋದು ಒಂದೇ' ಅಂದ. ನಗ್ತಾನೇ ಅಂದ.

ಆ ಹಳೇ ಅಂಗಡಿ ಕನ್ನಡಕದ ಯಜಮಾನರೊಬ್ಬರದು. ಆರು ಮೇಜು, ಒಂದು ಕರಿಹಲಗೆ. ನಮ್ಮ ಹುಡುಗೀರಿಗೆ ಬಿಡುವು ಸಿಕ್ಕಾಗ ಸುಮ್ಮನೆ ಕೂರೋ ಹಾಗಿಲ್ಲ, ಕಂಪನಿಯ ಖಾಲಿ ಲೋಟ ಕೈಯಲ್ಲಿ ಹಿಡ್ಕೊಂಡು ಅವರ ಕಿಟಕಿ ಮುಂದೆ ಮೂರು ಸಲ ಓಡಾಡಿ ಬರಬೇಕು. ಒಳಗೆ ಕೂತವರಿಗೆ ಊರೆಲ್ಲ ಇದೇ ಕುಡೀತಿದೆ ಅಂತ ಅನ್ನಿಸಬೇಕಂತೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮಲ್ಲಿ ಎರಡನೇ ಕಾಫಿಗೆ ಅರ್ಧ ಬೆಲೆ, ಅದೇ ಹೊತ್ತಿಗೆ ತಂಗಿ ಅಂಗಡೀಲಿ ಬನ್ನು ಪುಕ್ಕಟೆ. ಯಜಮಾನರು ಒಂದು ವರ್ಷ ಹಲ್ಲು ಕಚ್ಚಿ ತಡೆದರು. ಬಾಗಿಲು ಹಾಕಿದ ದಿನ ನನ್ನ ಅಂಗಡಿಗೇ ಬಂದು ಒಂದು ಕಾಫಿ ತಗೊಂಡು, ಒಂದು ಗುಟುಕು ಕುಡಿದು, ಲೋಟ ಅಲ್ಲೇ ಬಿಟ್ಟು ಹೋದರು. ನನಗೆ ನಾಚಿಕೆ ಆಯ್ತು. ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನದ ಹೊತ್ತಿಗೆ ಮರೆತೂ ಹೋಯ್ತು.

ಮರುವಾರವೇ ಹಲ್ಲುಕಿರಿಯಪ್ಪ ಬಂದ. ನನ್ನನ್ನೂ ತಂಗೀನೂ ಒಂದೇ ಮೇಜಿಗೆ ಕೂರಿಸಿದ. ನಾವಿಬ್ಬರೂ ಮಾತು ಬಿಟ್ಟು ಆಗಲೇ ಹತ್ತು ತಿಂಗಳಾಗಿತ್ತು, ಯಾಕಂದ್ರೆ ಅವಳು ನನ್ನ ಕೈಕೆಳಗಿನ ಇಬ್ಬರು ಒಳ್ಳೇ ಕೆಲಸಗಾರರನ್ನ ಸದ್ದಿಲ್ಲದೆ ತನ್ನ ಅಂಗಡಿಗೆ ಎಳ್ಕೊಂಡಿದ್ದಳು. ಅವಳು ಗೋಡೆ ನೋಡ್ತಾ ಕೂತಳು, ನಾನು ಅವಳ ಚಪ್ಪಲಿ ನೋಡ್ತಾ ಕೂತೆ.

'ಕೆಲಸ ಚೆನ್ನಾಗಿ ಆಯ್ತು' ಅಂದ ಅವನು. 'ಇನ್ನು ಈ ಬೀದಿಗೆ ಎರಡು ಅಂಗಡಿ ಬೇಕಾಗಿಲ್ಲ. ಮೂರು ತಿಂಗಳು ನೋಡ್ತೀವಿ. ವ್ಯಾಪಾರಕ್ಕೆ ಅರ್ಧ ಅಂಕ, ಗುಟ್ಟಿನ ಗಿರಾಕಿಗೆ ಅರ್ಧ ಅಂಕ. ಸೋತ ಅಂಗಡಿ ಮುಚ್ಚುತ್ತೆ. ಸೋತ ಮ್ಯಾನೇಜರ್ ರೈಲ್ವೆ ಸ್ಟೇಷನ್ ಡಬ್ಬಿ ಅಂಗಡೀಲಿ ಕಾಫಿ ಹಾಕಬಹುದು, ಮ್ಯಾನೇಜರ್ ಆಗಿ ಅಲ್ಲ.'

ಗುಟ್ಟಿನ ಗಿರಾಕಿ ಅಂದರೆ ಏನಂತ ಹೇಳಿಬಿಡ್ತೀನಿ. ಕಂಪನಿ ಯಾವುದೋ ಏಜೆನ್ಸಿ ಮೂಲಕ ಹಾದಿಬೀದಿಯ ಜನರನ್ನ ಕೂಲಿಗೆ ಹಿಡಿಯುತ್ತೆ. ಅವರು ಸಾಮಾನ್ಯ ಗಿರಾಕಿ ಹಾಗೆ ಬಂದು ಕಾಫಿ ಕುಡಿದು, ಹದಿನೈದು ನಿಮಿಷ ಕೂತು, ಮನೆಗೆ ಹೋಗಿ ಒಂದು ಫಾರಂ ತುಂಬಿ ಕಳಿಸ್ತಾರೆ. ನಕ್ಕರಾ, ಹೆಸರು ಕೇಳಿ ಲೋಟದ ಮೇಲೆ ಬರೆದರಾ, ಮೇಜು ಒರೆಸಿತ್ತಾ, ಬಿಲ್ ಕೊಟ್ಟರಾ. ಬಿಲ್ ಕೊಡಲಿಲ್ಲ ಅಂದರೆ ಬೇರೆ ಏನೇ ಚೆನ್ನಾಗಿದ್ದರೂ ಸೊನ್ನೆ. ಬಿಲ್ ಇಲ್ಲದ ಕಾಫಿ ಅಂದರೆ ಕಳ್ಳತನ ಅಂತ ಕಂಪನಿ ಲೆಕ್ಕ. ಹೊಸದಾಗಿ ಸೇರಿದವರಿಗೆ ಮೊದಲನೇ ದಿನವೇ ಇದನ್ನ ಬಾಯಿಪಾಠ ಮಾಡಿಸೋಳು ನಾನೇ.

ಆ ಮೂರು ತಿಂಗಳು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬಾಗಿಲು ಕಾದೆ. ಒಂಟಿಯಾಗಿ ಬಂದವರನ್ನೆಲ್ಲ ಅನುಮಾನಿಸಿದೆ. ಗಡಿಯಾರ ನೋಡಿದವನಿಗೆ ಬಿಸ್ಕತ್ತು ಕೊಟ್ಟೆ, ಟಾಯ್ಲೆಟ್ ಎಲ್ಲಿ ಅಂದವಳಿಗೆ ದಾರಿ ತೋರಿಸೋಕೆ ನಾನೇ ಎದ್ದು ಹೋದೆ. ನಕ್ಕೂ ನಕ್ಕೂ ದವಡೆ ನೋವು. ವ್ಯಾಪಾರದಲ್ಲಿ ತಂಗಿಗಿಂತ ನಾನು ಮುಂದಿದ್ದೆ, ಹೆಚ್ಚೇನಲ್ಲ, ಆದರೂ ಮುಂದೆ. ಅದು ನೆನೆಸ್ಕೊಂಡಾಗಲೆಲ್ಲ ಹೊಟ್ಟೆ ತಣ್ಣಗಾಗ್ತಿತ್ತು.

ಇದರ ಮಧ್ಯೆ ಅಮ್ಮ ಅಂಗಡಿಗೆ ಬರೋಕೆ ಶುರು ಮಾಡಿದಳು. ಅಮ್ಮ ಇರೋದು ನನ್ನ ಜೊತೆ, ಎರಡು ಕೋಣೆ ಮನೇಲಿ. ಹದಿಮೂರು ವರ್ಷದಲ್ಲಿ ಒಂದು ಸಲಾನೂ ಅಂಗಡಿ ಒಳಗೆ ಕಾಲಿಟ್ಟವಳಲ್ಲ, ಈಗ ತಿಂಗಳಿಗೊಂದು ಸಲ, ಇಸ್ತ್ರಿ ಸೀರೆ ಉಟ್ಟುಕೊಂಡು, ಸಾಲಲ್ಲಿ ನಿಂತು ಬರ್ತಾಳೆ. ನನ್ನ ಕಷ್ಟ ಅರ್ಥ ಆಗಿ ಬಂದಿದ್ದಾಳೆ ಅಂದ್ಕೊಂಡೆ. 'ಸಾಲಲ್ಲಿ ಯಾಕಮ್ಮ ನಿಂತೆ, ಆ ಕಡೆ ಹೋಗಿ ಕೂತ್ಕೋ' ಅಂತ ಗದರಿದೆ, ಕಾಫಿ ನಾನೇ ಮಾಡಿ ತಂದು ಮೇಜಿನ ಮೇಲೆ ಕುಕ್ಕಿದೆ, ಕೆಲಸ ಇದೆ ಅಂತ ಓಡಿದೆ. ಪಾಪ, ಅವಳು ಅಲ್ಲೇ ಕೂತು ಬಾಗಿಲು, ಮೇಜು, ನನ್ನ ಮುಖ ಎಲ್ಲಾ ನೋಡ್ತಾ ಕುಡೀತಿದ್ದಳು. ಮೂರು ಸಲ ಬಂದಳು. ಮೂರು ಸಲವೂ ಹೀಗೇ.

ಮೂರು ತಿಂಗಳು ಮುಗಿದ ಸೋಮವಾರ ಹಲ್ಲುಕಿರಿಯಪ್ಪ ಕಾಗದ ಹಿಡ್ಕೊಂಡು ಬಂದ. ವ್ಯಾಪಾರದಲ್ಲಿ ನಿಮ್ಮದೇ ಮೇಲು ಅಂದ. ನನಗೆ ಜೀವ ಬಂತು. ಆಮೇಲೆ, 'ಗುಟ್ಟಿನ ಗಿರಾಕಿ ಮೂರು ಸಲ ಬಂದಿದ್ದಾರೆ. ಮೂರು ಸಲವೂ ಸೊನ್ನೆ. ನಿಮ್ಮ ತಂಗಿಗೆ ಮೂರು ಸಲವೂ ತೊಂಬತ್ತರ ಮೇಲೆ. ಎರಡೂ ಕಡೆಗೆ ಒಬ್ಬರೇ ಬಂದಿರೋದು, ಹಾಗಾಗಿ ಅನ್ಯಾಯ ಅನ್ನೋ ಹಾಗಿಲ್ಲ' ಅಂದ.

ಕಾಗದ ಕಿತ್ಕೊಂಡು ಓದಿದೆ. ಬಿಲ್ ಕೊಟ್ಟರೇ: ಇಲ್ಲ. ಹೆಸರು ಕೇಳಿದರೇ: ಇಲ್ಲ. ನಕ್ಕರೇ: ಇಲ್ಲ, ಗದರಿದರು. ನನ್ನ ಅಂಗಡೀಲಿ ಬಿಲ್ ಇಲ್ಲದೆ ಒಂದು ತೊಟ್ಟು ಹಾಲು ಹೊರಗೆ ಹೋಗಲ್ಲ. ಇದು ತಂಗಿ ಕಿತಾಪತಿ, ಯಾರನ್ನೋ ಗೊತ್ತು ಮಾಡಿ ಬರೆಸಿದ್ದಾಳೆ, ಇವತ್ತು ಅವಳ ಜುಟ್ಟು ಹಿಡಿದು ಬೀದೀಲಿ ನಿಲ್ಲಿಸ್ತೀನಿ ಅಂತ ಎದ್ದೇಬಿಟ್ಟೆ. ಆಗ ಕೊನೇ ಸಾಲು ಕಣ್ಣಿಗೆ ಬಿತ್ತು. 'ಬೇರೆ ಏನಾದರೂ ಹೇಳುವುದಿದೆಯೇ' ಅನ್ನೋ ಜಾಗದಲ್ಲಿ ಹೀಗಿತ್ತು: 'ಅಂಗಡಿ ಚೊಕ್ಕಟವಾಗಿದೆ. ಕಾಫಿ ಕೊಟ್ಟವಳ ಮುಖ ಬಾಡಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಕಾಣುತ್ತದೆ. ಯಾರಾದರೂ ಹೇಳಬೇಕು.'

ಅಂಥದ್ದನ್ನ ಕಂಪನಿ ಕಾಗದದಲ್ಲಿ ಬರೆಯೋ ಪ್ರಾಣಿ ಈ ಭೂಮಿ ಮೇಲೆ ಒಂದೇ ಇರೋದು.

ಮನೆಗೆ ಹೋದಾಗ ಅಮ್ಮ ಬಟ್ಟೆ ಮಡಿಸ್ತಿದ್ದಳು. ಕಾಗದ ಅವಳ ಮುಂದೆ ಎಸೆದೆ. ನೋಡಿದಳು, ಮಡಿಸ್ತಿದ್ದ ಟವೆಲ್ ಪೂರ್ತಿ ಮಡಿಸಿ ಪಕ್ಕಕ್ಕಿಟ್ಟಳು.

'ನೀನೇ ತಾನೇ?'

'ಹೂಂ.'

'ನನ್ನ ಬಾಯಿಗೆ ಮಣ್ಣು ಹಾಕಿದೆಯಲ್ಲಮ್ಮ. ಬಿಲ್ ಕೊಡಲಿಲ್ಲ ಅಂತ ಬರೀತೀಯಾ?'

'ಕೊಟ್ಟೆಯೇನೇ? ಕೊಡಲಿಲ್ಲ. ಇಲ್ಲ ಅಂತ ಬರೆದೆ.'

'ಕೇಳಬಾರದಿತ್ತಾ?'

'ಕೇಳಬಾರದು ಅಂತ ಅವರೇ ಹೇಳಿದ್ದರು. ಅಂಕ ಅವರು ಹಾಕ್ಕೋತಾರೆ, ನಂದು ಬರೀ ಹೌದು, ಇಲ್ಲ. ಅದಕ್ಕೆ ಸೊನ್ನೆ ಕೊಡ್ತಾರೆ ಅಂತ ನನಗೇನು ಕನಸು ಬೀಳುತ್ತಾ?'

'ಅವಳು ಬಿಲ್ ಕೊಟ್ಟಳಾ?'

'ಕೊಟ್ಟಳು. ದುಡ್ಡು ಎಣಿಸಿ ತಗೊಂಡಳು. ನನ್ನ ಹೆಸರು ಕೇಳಿದಳು ಕಣೇ, ಹೆತ್ತವಳ ಹೆಸರು. ಹೇಳಿದೆ, ಬರ್ಕೊಂಡಳು. ಒಂದು ನಗು ನಕ್ಕಳು, ನಿನ್ನ ಅಂಗಡಿ ಬೋರ್ಡಿನ ಹಾಗೆ, ಬಂದವರಿಗೆಲ್ಲ ತೋರಿಸೋ ಅಂಥದ್ದು.' ಅಮ್ಮನಿಗೆ ಅದು ನೋವಾಗಿತ್ತು, ನನಗೆ ಕೇಳಿಸ್ಕೊಳ್ಳೋ ತಾಳ್ಮೆ ಇರಲಿಲ್ಲ.

'ಈ ದರಿದ್ರ ಕೆಲಸ ನಿನಗೆ ಯಾಕೆ ಬೇಕಿತ್ತು? ನಾನು ಹಾಕೋ ಅನ್ನ ಸಾಲದೇ ಹೋಯ್ತಾ?'

ಅಮ್ಮ ನನ್ನ ಮುಖಾನೇ ನೋಡಿದಳು. 'ಅವಳ ಮನೆ, ಅವಳ ಅಂಗಡಿ ಮೆಟ್ಟಿಲು ಹತ್ತಿದರೆ ಈ ಮನೆ ಮೆಟ್ಟಿಲು ಹತ್ತಬೇಡ ಅಂದಿದ್ದೆಯಲ್ಲ, ನೆನಪಿದೆಯಾ? ಅವಳು ನೀನಿರೋ ಮನೆಗೆ ಬರಲ್ಲ. ಹತ್ತು ತಿಂಗಳು ನಾನು ಆ ಹುಡುಗಿ ಮುಖ ನೋಡಿರಲಿಲ್ಲ. ಕೆಲಸ ಅಂತ ಆದರೆ ಹದಿನೈದು ನಿಮಿಷ ಕೂರಲೇಬೇಕು, ನೀನು ಕೇಳಿದರೂ ಕೆಲಸ ಅನ್ನಬಹುದು. ಅದಕ್ಕೇ ಸೇರಿದೆ. ನಿನ್ನ ಅಂಗಡಿಯನ್ನೂ ಜೊತೆಗೆ ಕೊಟ್ಟರು, ಬೇಡ ಅನ್ನೋಕೆ ಆಗಲಿಲ್ಲ.'

ಇದನ್ನ ಕೇಳಿ ನನ್ನ ಕರುಳು ಚುರ್ ಅನ್ನಬೇಕಿತ್ತು. ಅನ್ನಲಿಲ್ಲ. ಏಜೆನ್ಸಿ ಫಾರಂನಲ್ಲಿ ಒಂದು ಸಾಲು ಇರುತ್ತೆ ಅಂತ ನನಗೆ ಗೊತ್ತಿತ್ತು, ಅದೊಂದೇ ತಲೇಲಿ ತಿರುಗ್ತಿತ್ತು. 'ಈ ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ ಅಂತ ಕೇಳಿದ್ದರಲ್ಲ, ಏನು ಬರೆದೆ?'

ಅಮ್ಮ ತಲೆ ತಗ್ಗಿಸಿದಳು. 'ಇಲ್ಲ ಅಂತ ಬರೆದೆ. ಅದೊಂದು ಸುಳ್ಳು.'

ಸಾಕಾಯ್ತು ನನಗೆ. ಅವಳ ಕಾಗದ ಬಿದ್ದುಹೋದರೆ ಇಬ್ಬರ ಅಂಕವೂ ಬಿದ್ದುಹೋಗುತ್ತೆ, ಉಳಿಯೋದು ವ್ಯಾಪಾರ, ವ್ಯಾಪಾರದಲ್ಲಿ ನಾನೇ ಮೇಲು. ಅಲ್ಲೇ ಊಟದ ಮೇಜಿನ ಮೇಲೆ ಕೂತು ದೂರು ಬರೆದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. 'ಬೆಳಿಗ್ಗೆ ಬರಿಯೇ, ಕೋಪ ಇಳೀಲಿ' ಅಂದಳು. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಯಾರೂ ಬೆರಳು ತೋರಿಸೋ ಹಾಗಿರಬಾರದು ಅಂತ ಕೂಲಂಕಷವಾಗಿ ಬರೆದೆ: ಈ ಗಿರಾಕಿ ನನ್ನ ಸ್ವಂತ ತಾಯಿ, ಸುಳ್ಳು ಹೇಳಿ ಕೆಲಸಕ್ಕೆ ಸೇರಿದ್ದಾಳೆ, ಮೂರು ಸಲವೂ ಅವಳಿಗೆ ಕಾಫಿ ಕೊಟ್ಟವಳು ನಾನೇ, ತಾಯಿ ಅನ್ನೋ ಕಾರಣಕ್ಕೇ ಬಿಲ್ ಹಾಕಲಿಲ್ಲ, ಬೇಕಾದರೆ ಕ್ಯಾಮೆರಾ ನೋಡಿ, ನನ್ನ ಕೆಲಸಗಾರರೂ ಸಾಕ್ಷಿ. ಕಳಿಸಿದೆ. ಆ ದಿನ ಹೊಟ್ಟೆ ತುಂಬ ಉಂಡೆ.

ಮೂರನೇ ದಿನ ಆಫೀಸಿಗೆ ಕರೆದರು. ಹಲ್ಲುಕಿರಿಯಪ್ಪನ ಮೇಜಿನ ಮೇಲೆ ನನ್ನ ದೂರು ಇತ್ತು, ಎರಡು ಸಾಲಿನ ಕೆಳಗೆ ಗೆರೆ ಎಳೆದಿದ್ದ.

'ನೀವು ಬರೆದಿದ್ದು ಸರಿ' ಅಂದ. 'ಆ ಕಾಗದಗಳನ್ನ ರದ್ದು ಮಾಡಿದ್ದೀವಿ. ನಿಮ್ಮ ತಾಯಿಯವರನ್ನ ಏಜೆನ್ಸಿಯವರು ತೆಗೆದುಹಾಕಿದ್ದಾರೆ. ವ್ಯಾಪಾರ ಒಂದೇ ನೋಡಿದರೆ ನಿಮ್ಮ ಅಂಗಡಿ ಉಳಿಯುತ್ತೆ, ಆ ಕಡೇದು ಮುಚ್ಚುತ್ತೆ.'

ನಾನು ಕುರ್ಚಿಗೆ ಬೆನ್ನು ಕೊಟ್ಟು ಕೂತೆ. ಗೆದ್ದೆ ಅಂದ್ಕೊಂಡೆ.

'ಆದರೆ ಸಂಬಂಧಿಕರಿಗೆ ಮೂರು ಸಲ ಬಿಲ್ ಇಲ್ಲದೆ ಕಾಫಿ ಕೊಟ್ಟಿದ್ದೀನಿ ಅಂತ ನೀವೇ ಬರೆದುಕೊಟ್ಟಿದ್ದೀರಿ. ಅದಕ್ಕೆ ಏನು ಶಿಕ್ಷೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.'

'ಅಮ್ಮನಿಗೆ ಸ್ವಾಮಿ. ಪ್ರತಿ ಗಿರಾಕೀನೂ ಮನೆಯವರ ಹಾಗೆ ನೋಡಿ ಅಂತ ಗೋಡೆ ತುಂಬ ನೀವೇ ಬರೆಸಿದ್ದೀರಿ. ಮನೆಯವರನ್ನೇ ಮನೆಯವರ ಹಾಗೆ ನೋಡಿದ್ದು ತಪ್ಪಾ? ಹೆತ್ತ ತಾಯಿಗೆ ಯಾರಾದರೂ ಬಿಲ್ ಹಾಕ್ತಾರಾ?'

'ನಿಮ್ಮ ತಂಗಿ ಹಾಕಿದ್ದಾರಲ್ಲ' ಅಂದ. ಮೊದಲನೇ ಸಲ ಅವನ ಹಲ್ಲು ಕಾಣಿಸಲಿಲ್ಲ. 'ಒಳ್ಳೇ ಅಂಗಡಿ ಅದು, ನಿಮ್ಮದು. ನಾಳೆಯಿಂದ ಅವರೇ ನೋಡ್ಕೋತಾರೆ. ಬೀಗದ ಕೈ ಅವರಿಗೆ ಒಪ್ಪಿಸಿಬಿಡಿ.'

ಮಾರನೇ ಬೆಳಿಗ್ಗೆ ತಂಗಿ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಹದಿಮೂರು ತಿಂಗಳಾದ ಮೇಲೆ ಅವಳ ಮುಖಾನ ನೆಟ್ಟಗೆ ನೋಡ್ತಿದ್ದೆ. ಕಣ್ಣ ಕೆಳಗೆ ಕಪ್ಪಗಾಗಿತ್ತು. ಬೀಗದ ಗೊಂಚಲು ಕೌಂಟರ್ ಮೇಲೆ ಬಿಸಾಕಿದೆ.

'ಹೊಟ್ಟೆ ತಂಪಾಯ್ತಾ?' ಅಂದೆ.

ಅವಳು ಗೊಂಚಲು ಮುಟ್ಟಲಿಲ್ಲ. 'ನಾನು ಕೇಳಿಕೊಂಡು ಬಂದಿಲ್ಲ ಅಕ್ಕ.'

'ಅಮ್ಮನ ಹತ್ರ ದುಡ್ಡು ಎಣಿಸಿ ತಗೊಂಡೆಯಂತೆ. ಹೆಸರು ಬೇರೆ ಕೇಳಿದೆಯಂತೆ. ನಿನಗೆ ಎದೆ ಅನ್ನೋದು ಇದೆಯಾ?'

'ತಗೊಂಡೆ. ಕಂಪನಿ ಹೇಳಿದ್ದು ಮಾಡಿದೆ, ನೀನು ಕಲಿಸಿದ್ದು ಮಾಡಿದೆ. ಅವಳು ಎದ್ದು ಹೋದ ಮೇಲೆ ಪ್ರತಿ ಸಲವೂ ಸ್ಟೋರ್ ರೂಮಿಗೆ ಹೋಗಿ ಅತ್ತೆ.' ಧ್ವನಿ ಏರಿಸದೆ ಹೇಳ್ತಿದ್ದಳು, ಅದೇ ನನ್ನ ಮೈ ಉರಿಸ್ತಿತ್ತು. 'ನನ್ನ ಮೇಲೆ ದೂರು ಬರೆದಿದ್ದರೆ ನಾನು ಒಂದು ಮಾತು ಆಡ್ತಿರಲಿಲ್ಲ. ನನ್ನ ಕೆಲಸಗಾರರನ್ನ ಕದ್ದಳು ಅಂತ ಬರಿ, ಏನು ಬೇಕಾದರೂ ಬರಿ. ಅಮ್ಮನ ಮೇಲೆ ಬರೆದೆಯಲ್ಲ. ಸುಳ್ಳಿ ಅಂತ ಬರೆದೆಯಲ್ಲ, ಅವಳನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು. ನಿನ್ನೆ ಏಜೆನ್ಸಿಯವರು ಫೋನ್ ಮಾಡಿ ಅವಳಿಗೆ ಏನೇನು ಅಂದರು ಗೊತ್ತಾ ನಿನಗೆ? ನನ್ನ ಹತ್ರ ಹೇಳ್ಕೊಂಡು ಅತ್ತಳು. ನಿನ್ನ ಹತ್ರ ಹೇಳಿದಳಾ?'

ಹೇಳಿರಲಿಲ್ಲ. ನಿನ್ನೆ ಸಂಜೆ ಅಮ್ಮ ನನಗೆ ಬಡಿಸಿದ್ದಳು, ಇನ್ನೊಂದು ತುತ್ತು ಹಾಕ್ಕೋ ಅಂದಿದ್ದಳು, ಅಷ್ಟೇ. ಫೋನಿನ ವಿಷಯ ಎತ್ತಿರಲೇ ಇಲ್ಲ. ತಂಗಿಗೆ ಹೊಡೀಬೇಕು ಅಂತ ಅನ್ನಿಸ್ತು. ಏನಾದರೂ ಕೆಟ್ಟ ಮಾತು, ಅವಳು ಸಾಯೋವರೆಗೂ ನೆನಪಿಟ್ಕೊಳ್ಳೋ ಅಂಥದ್ದು, ಹುಡುಕಿದೆ.

'ಅಮ್ಮನ್ನ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ' ಅಂದಳು. 'ಅವಳು ಒಪ್ಪಿದ್ದಾಳೆ.'

ಕೆಲಸಗಾರರೆಲ್ಲ ಲೋಟ ಜೋಡಿಸೋ ನೆಪ ಮಾಡ್ಕೊಂಡು ತಲೆ ಬಗ್ಗಿಸಿ ನಿಂತಿದ್ದರು. ಮೊದಲನೇ ಗಿರಾಕಿ ಬಾಗಿಲು ತಳ್ಳಿಕೊಂಡು ಬಂದ. ತಂಗಿ ಕಣ್ಣು ಒರೆಸ್ಕೊಂಡು, ಕೌಂಟರ್ ಹಿಂದೆ ಹೋಗಿ, ಅವನಿಗೆ ನಮಸ್ಕಾರ ಹೇಳಿದಳು. ನಾನು ಅವನಿಗೆ ದಾರಿ ಬಿಟ್ಟು ಹೊರಗೆ ಬಂದೆ.

ಈಗ ನಾನು ಬೇರೆ ಕಡೆ, ಒಂದು ಆಸ್ಪತ್ರೆ ಕ್ಯಾಂಟೀನಲ್ಲಿ ಇದ್ದೀನಿ. ಅಮ್ಮ ವಾರಕ್ಕೊಂದು ಸಲ ಫೋನ್ ಮಾಡ್ತಾಳೆ, ಊಟ ಆಯ್ತಾ ಅಂತ ಕೇಳ್ತಾಳೆ, ಆಯ್ತು ಅಂತೀನಿ. ವಾಪಸ್ ಬಾ ಅಂತ ಬಾಯಿಗೆ ಬರುತ್ತೆ, ಕೇಳೋಕೆ ಮುಖ ಇಲ್ಲ. ತಂಗಿ ಅವತ್ತು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅವಳನ್ನ ಕಂಡರೆ ನನಗೆ ಇವತ್ತಿಗೂ ಆಗಲ್ಲ.