ಹದಿನಾಲ್ಕನೇ ತಾರೀಖಿನ ದೀಪ

ವಾಚ್‌ಮನ್ ಮಡಚುವ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಿಗೆ ಇಡುತ್ತಿದ್ದ. ಆರು ಸಾಲು, ಸಾಲಿಗೆ ಎಂಟು. ತಿಂಗಳ ಮೊದಲ ಭಾನುವಾರ ಮ್ಯೂಸಿಯಂನ ಈ ಹಾಲಿನಲ್ಲಿ ಮುಳುಗಿದ ಹಡಗುಗಳ ಬಗ್ಗೆ ಭಾಷಣ ಇರುತ್ತಿತ್ತು. ಆಗ ಇಷ್ಟು ಕುರ್ಚಿ ಎಂದೂ ಬೇಕಾಗಿರಲಿಲ್ಲ. ಇವತ್ತು ಭಾಷಣ ಮಾಡುವವನು ಎದುರಿನ ಮೇಜಿನ ಮೇಲೆ ಪೆಟ್ಟಿಗೆಯಲ್ಲಿ ಮಲಗಿದ್ದ. ಮನೆಯ ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ತಿರುಗುವುದಿಲ್ಲವೆಂದು ಗೊತ್ತಾದಾಗ ಮ್ಯೂಸಿಯಂ ನಿರ್ದೇಶಕರೇ ಈ ಹಾಲ್ ಬಿಟ್ಟುಕೊಟ್ಟಿದ್ದರು.

ಮೊದಲ ಸಾಲಿನಲ್ಲಿ ಅವನ ಹೆಂಡತಿ, ಪಕ್ಕದಲ್ಲಿ ಅತ್ತೆ. ಹೊಟ್ಟೆಗೆ ಏನಾದರೂ ಹಾಕಿಕೊಂಡೆಯಾ ಎಂದು ಅತ್ತೆ ಮೂರನೇ ಸಲ ಕೇಳಿದರು. ಅವಳು ಮೂರನೇ ಸಲ ಹೂಂ ಎಂದಳು.

ಗಾಜಿನ ಪೆಟ್ಟಿಗೆಗಳಲ್ಲಿನ ವಸ್ತುಗಳಿಗೆ ವಿವರದ ಚೀಟಿ ಬರೆಯುವುದು ಅವನ ಕೆಲಸ. ಭಾಷಣ ಅವನೇ ಹಚ್ಚಿಕೊಂಡಿದ್ದ ಗೀಳು. ತಿಂಗಳಿಗೊಂದು ಹಡಗು ಮುಳುಗಿಸುವವನೆಂದು ಆಫೀಸಿನವರು ಅವನನ್ನು ಮುಳುಗಪ್ಪ ಅನ್ನುತ್ತಿದ್ದರು.

"ಸೋಮವಾರ ಕೇಳಿದೆ, ಈ ತಿಂಗಳು ಯಾವುದನ್ನ ಮುಳುಗಿಸ್ತೀಯೋ ಅಂತ," ಹಿಂದಿನ ಸಾಲಿನಲ್ಲಿ ಗುಮಾಸ್ತ ಹೇಳುತ್ತಿದ್ದ. "ಈ ಸಲ ಒಂದನ್ನ ತೇಲಿಸ್ತೀನಿ ಅಂದ. ತಮಾಷೆ ಅಂದ್ಕೊಂಡೆ."

ಯಾರೋ ನಗಲು ಹೋಗಿ ಕೆಮ್ಮಿದರು.

ನಿರ್ದೇಶಕರು ಬಂದು ಅವಳ ಮುಂದೆ ಬಗ್ಗಿದರು. ದೀಪಸ್ತಂಭದ ಭಾಷಣವನ್ನು ಹಿಂದೊಮ್ಮೆ ರೆಕಾರ್ಡ್ ಮಾಡಿಟ್ಟಿದ್ದರಂತೆ. ಇವತ್ತು ಅದನ್ನೇ ಹಾಕುವುದು. ಮುಂದಿನ ವಾರದಿಂದ ಬಾಗಿಲ ಬಳಿ ಒಂದು ಗುಂಡಿ ಇಡುವುದು, ಒತ್ತಿದವರಿಗೆಲ್ಲ ಕೇಳಿಸುವ ಹಾಗೆ.

"ಅವರ ದನಿ ಇಲ್ಲೇ ಉಳಿಯುತ್ತೆ. ನಿಮ್ಮ ಒಪ್ಪಿಗೆ ಒಂದಿದ್ರೆ ಸಾಕಮ್ಮ."

ಅತ್ತೆ ಅವಳ ಮಣಿಕಟ್ಟು ಹಿಡಿದರು. "ಒಪ್ಕೊಳ್ಳೆ. ಕೇಳಬೇಕು ಅನ್ನಿಸಿದಾಗ ಬಂದು ಕೇಳ್ಕೊಂಡು ಹೋಗ್ತೀನಿ."

ಅವಳು ಹಿಂದಿರುಗಿ ನೋಡಿದಳು. ಬಾಗಿಲಿಗೆ ಹತ್ತಿರದ ಕೊನೆಯ ಕುರ್ಚಿಯಲ್ಲಿ ದೀಪಸ್ತಂಭದ ಭಾಷಣಕ್ಕೆ ತಪ್ಪದೆ ಬರುತ್ತಿದ್ದ ಮುದುಕಿ, ಬಟ್ಟೆ ಹೊಲಿಯುವವರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

*

ಮೂರು ವಾರದ ಹಿಂದೆ, ಬೆಳಗಿನ ಚಹಾ ಆರಿಹೋಗುವವರೆಗೂ ಅವನು ಕೈಯಲ್ಲಿದ್ದ ಹಳೆಯ ದಿನಚರಿಯ ಹಾಳೆಗಳನ್ನು ಬಿಟ್ಟಿರಲಿಲ್ಲ.

ನೂರು ವರ್ಷದ ಹಿಂದೆ, ಒಂದು ಹದಿನಾಲ್ಕನೇ ತಾರೀಖಿನ ರಾತ್ರಿ, ಬಂದರಿನ ಬಾಯಲ್ಲಿ ಹಡಗು ಬಂಡೆಗೆ ಬಡಿದು ಅರವತ್ತೊಂದು ಜನ ಹೋದರು. ದೀಪಸ್ತಂಭದ ದಿನಚರಿಯಲ್ಲಿ ಹದಿನಾಲ್ಕರ ಕೆಳಗೆ ಒಂದೇ ಸಾಲು: ರಾತ್ರಿ ಎರಡು ಗಂಟೆ ಕಾಲ ದೀಪ ಆರಿತ್ತು. ಹನ್ನೆರಡು ವರ್ಷ ಅವನು ಅದನ್ನೇ ಹೇಳುತ್ತ ಬಂದಿದ್ದ. 'ದೀಪದವನು ನಿದ್ದೆಹೋದ, ದೀಪ ಆರಿತು' ಎನ್ನುವಲ್ಲಿಗೆ ಬಂದಾಗ ವಾಚ್‌ಮನ್ ಹಿಂದಿನಿಂದ ಹಾಲಿನ ಲೈಟು ಆರಿಸುತ್ತಿದ್ದ. ಜನಕ್ಕೆ ಅದು ಬಹಳ ಹಿಡಿಸುತ್ತಿತ್ತು. ಪ್ರತಿ ಸಲವೂ ಅದೇ ಕತ್ತಲಲ್ಲಿ ಆ ಮುದುಕಿ ಎದ್ದು ಹೋಗುತ್ತಿದ್ದರು.

ಹೋದ ಸಲ ಅವನು ಹಿಂದೆಯೇ ಹೋಗಿ ಮೆಟ್ಟಿಲಲ್ಲಿ ಅವರನ್ನು ತಡೆದಿದ್ದ. ಕತ್ತಲೆ ಅಂದರೆ ಭಯವೇ ಎಂದು ಕೇಳಿದ್ದ.

"ಭಯ ಎಲ್ಲಿಂದ ಬಂತಪ್ಪ," ಎಂದಿದ್ದರಂತೆ ಆಕೆ. "ಆ ದೀಪದವರು ನಮ್ಮ ತಾತ. ಈ ಸಲನಾದ್ರೂ ಬೇರೆ ಥರ ಹೇಳ್ತೀರೇನೋ ಅಂತ ಬರ್ತೀನಿ."

"ನಿದ್ದೆಹೋದ ಅಂತ ದಿನಚರಿಯಲ್ಲಿ ಎಲ್ಲೂ ಇಲ್ಲ ಕಣೆ," ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿದ. "ಅದನ್ನ ನಾನೇ ಸೇರಿಸಿದ್ದು. ಕೇಳೋಕೆ ಚೆನ್ನಾಗಿತ್ತು."

ಅಷ್ಟೇ ಆಗಿದ್ದರೆ ಒಂದು ಮಾತು. ಆದರೆ ಆ ಬಂದರಿನ ಹಳೆಯ ಪುಸ್ತಕಗಳಲ್ಲಿ ದಿನ ಬದಲಾಗುತ್ತಿದ್ದುದು ನಡುರಾತ್ರಿಯಲ್ಲ, ಅದಕ್ಕೂ ಅರ್ಧ ದಿನ ಮುಂಚೆ, ಮಧ್ಯಾಹ್ನ ಹನ್ನೆರಡಕ್ಕೆ. ನಮ್ಮ ಹದಿಮೂರರ ಮಧ್ಯಾಹ್ನಕ್ಕೇ ಅವರಿಗೆ ಹದಿನಾಲ್ಕು ಶುರು. ಅವರ ಹದಿನಾಲ್ಕರ ರಾತ್ರಿ ಎಂದರೆ ನಮ್ಮ ಹದಿಮೂರರ ರಾತ್ರಿ. ದೀಪ ಆರಿದ್ದು ಹಡಗು ಬರುವ ಹಿಂದಿನ ದಿನ. ಹಡಗು ಮುಳುಗಿದ ರಾತ್ರಿ ಅವರ ಲೆಕ್ಕಕ್ಕೆ ಹದಿನೈದು. ಅವನು ಪುಟ ತಿರುಗಿಸಿ ಅವಳಿಗೆ ತೋರಿಸಿದ: ದೀಪ ಬೆಳಗಿನವರೆಗೆ ಉರಿಯಿತು.

"ಮುಂದಿನ ತಿಂಗಳ ಭಾನುವಾರದ ಭಾಷಣದಲ್ಲಿ ಮೊದಲು ಇದನ್ನೇ ಹೇಳ್ತೀನಿ," ಎಂದ. "ಅವರು ಎದ್ದು ಹೋಗೋಕೆ ಮುಂಚೆ."

ಆ ಭಾನುವಾರಕ್ಕೆ ಐದು ದಿನ ಇರುವಾಗ, ಮಂಗಳವಾರ, ಅವನು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡಿದ್ದ. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಲು ನೋಡಿದ.

*

ಅವಳು ಇನ್ನೂ ಬಾಗಿಲ ಕಡೆಗೇ ನೋಡುತ್ತಿದ್ದಳು. ನಿರ್ದೇಶಕರು ಮೌನವನ್ನೇ ಒಪ್ಪಿಗೆಯೆಂದುಕೊಂಡು ರೆಕಾರ್ಡರನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟು ಗುಂಡಿ ಒತ್ತಿದರು.

ಮೊದಲು ಸಣ್ಣ ಕೆಮ್ಮು. ಮಾತು ಶುರುಮಾಡುವ ಮುಂಚೆ ಅವನು ಯಾವಾಗಲೂ ಕೆಮ್ಮುತ್ತಿದ್ದ, ಫೋನಿನಲ್ಲಿ ಕೂಡ. ಆಮೇಲೆ ದನಿ. ಅತ್ತೆ ಕಣ್ಣು ಮುಚ್ಚಿಕೊಂಡರು. ಅವಳಿಗೆ ಅಳು ಬರಲಿಲ್ಲ. ಅವನ ಕೋಟಿನ ಎರಡನೇ ಗುಂಡಿಯನ್ನು ತಾನು ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ಇಲ್ಲಿಂದಲೂ ಕಾಣುತ್ತದಲ್ಲ ಎಂದು ನೋಡುತ್ತ ಕೂತಳು. ದನಿ ಬಂದರನ್ನು ವರ್ಣಿಸಿತು, ಗಾಳಿಯನ್ನು ವರ್ಣಿಸಿತು. ಇನ್ನೆಷ್ಟು ಮಾತು ಉಳಿದಿದೆಯೆಂದು ಅವಳಿಗೆ ಗೊತ್ತಿತ್ತು.

"ದೀಪದವನು ನಿದ್ದೆಹೋದ. ದೀಪ ಆರಿತು."

ಹಾಲ್ ಕತ್ತಲಾಯಿತು. ಹನ್ನೆರಡು ವರ್ಷದ ಅಭ್ಯಾಸ. ವಾಚ್‌ಮನ್‌ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗಿತ್ತು. ದಪ್ಪ ಪರದೆಗಳ ಹಾಲಿನಲ್ಲಿ ಏನೂ ಕಾಣಲಿಲ್ಲ. ಹಿಂದೆ, ಬಾಗಿಲ ಹತ್ತಿರ, ಒಂದು ಕುರ್ಚಿ ಕಿರುಗುಟ್ಟಿತು.

ಅವಳು ಎದ್ದಳು. ಪೆಟ್ಟಿಗೆಯ ಅಂಚು ಹಿಡಿದು, ಮೇಜು ತಡವಿದಾಗ ರೆಕಾರ್ಡರ್ ಸಿಕ್ಕಿತು. ಒತ್ತಿದಳು. ಅವನ ದನಿ ಅರ್ಧ ಮಾತಿನಲ್ಲಿ ನಿಂತಿತು.

"ದೀಪ ಉರೀತಿತ್ತು," ಎಂದಳು. "ಬೆಳಗಿನವರೆಗೂ ಉರೀತಿತ್ತು. ಇವರು ತಾರೀಖು ತಪ್ಪು ಓದಿದ್ರು. ಈ ಭಾನುವಾರ ಇವರೇ ಹೇಳೋರಿದ್ರು." ಸ್ವಲ್ಪ ತಡೆದು, "ಇದಕ್ಕೆ ಗುಂಡಿ ಇಡಬೇಡಿ ಸಾರ್," ಎಂದಳು.

"ಯಾಕೆ ನಿಲ್ಲಿಸಿದೆ?" ಕತ್ತಲಲ್ಲಿ ಅತ್ತೆಯ ದನಿ. "ಇನ್ನೂ ಇತ್ತಲ್ಲ. ಇನ್ನೂ ಮಾತಾಡ್ತಿದ್ದನಲ್ಲ."

ಲೈಟು ಬಂತು. ಅತ್ತೆಯ ಕೈ ರೆಕಾರ್ಡರ್ ಕಡೆಗೆ ಚಾಚಿಕೊಂಡೇ ಇತ್ತು.

ಮುದುಕಿ ಬಾಗಿಲಲ್ಲಿ, ಚೀಲ ಹೆಗಲಿಗೇರಿಸಿ ನಿಂತಿದ್ದರು. ಏಳುವಾಗ ಅವರ ಕುರ್ಚಿ ಮಡಚಿಕೊಂಡು ಬಿದ್ದಿತ್ತು. ಅವರು ವಾಪಸ್ ಬಂದು, ಬಗ್ಗಿ ಅದನ್ನೆತ್ತಿ, ಬಿಡಿಸಿ, ಕಾಲು ಗಟ್ಟಿಯಾಗಿ ಊರಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ಕೂತರು.